ಎನ್‌ಡಿ ಫಿಲ್ಟರ್ ಕೊಳ್ಳುವವರಿಗೆ: ಮೊದಲು ಆರು ಸ್ಟಾಪಿನದು, ಉಳಿದದ್ದು ಆಮೇಲೆ

ಕಳೆದ ನಾಲ್ಕು ವರ್ಷಗಳಲ್ಲಿ ನಾನು ಐದು ಎನ್‌ಡಿ ಫಿಲ್ಟರ್‌ಗಳನ್ನು ಕೊಂಡಿದ್ದೇನೆ. ಅವುಗಳಲ್ಲಿ ಒಂದು ಮೇಜಿನ ಖಾನೆಯಲ್ಲಿ ಬಿದ್ದಿದೆ, ಒಂದು ಮದುವೆಯ ವಿಡಿಯೊ ಮಾಡುವ ಅಕ್ಕನ ಮಗನ ಪಾಲಾಗಿದೆ, ಒಂದು ಕಾಪುವಿನ ದೀಪಸ್ತಂಭದ ಕೆಳಗಿನ ಬಂಡೆಗೆ ಬಡಿದು ಒಡೆದುಹೋಯಿತು. ಉಳಿದ ಎರಡು ಮಾತ್ರ ನನ್ನ ಚೀಲದಲ್ಲಿ ಜಾಗ ಉಳಿಸಿಕೊಂಡಿವೆ. ಕೊನೆಗೆ ತಂದ ಈ ಎರಡನ್ನು ಮೊದಲೇ ತಂದಿದ್ದರೆ ಉಳಿದ ಮೂರಕ್ಕೆ ಸುರಿದ ಹಣ ಕೈಯಲ್ಲಿರುತ್ತಿತ್ತು. ಕಡಲ ದಂಡೆ, ಜಲಪಾತ, ಮೋಡಗಳ ದೀರ್ಘ ಎಕ್ಸ್‌ಪೋಶರ್ ಚಿತ್ರ, ಅಂದರೆ ಶಟರನ್ನು ಹೆಚ್ಚು ಹೊತ್ತು ತೆರೆದಿಟ್ಟ ಚಿತ್ರ, ತೆಗೆಯಲು ಹೊರಡುವ ಬಹಳಷ್ಟು ಮಂದಿ ನಾನು ಎಡವಿದ ಕಡೆಯೇ ಎಡವುವುದನ್ನು ನೋಡಿ, ಐದನ್ನೂ ಒಟ್ಟಿಗಿಟ್ಟು ವಿಮರ್ಶಿಸುತ್ತಿದ್ದೇನೆ.

ಎನ್‌ಡಿ ಎಂದರೆ ನ್ಯೂಟ್ರಲ್ ಡೆನ್ಸಿಟಿ. ಅಂಗಡಿಯವರು ಇದನ್ನು ಕ್ಯಾಮೆರಾಕ್ಕೆ ಹಾಕುವ ಕೂಲಿಂಗ್ ಗ್ಲಾಸ್ ಎಂದು ಪರಿಚಯಿಸುತ್ತಾರೆ. ಹೋಲಿಕೆ ಅರ್ಧ ಸರಿ. ಕೂಲಿಂಗ್ ಗ್ಲಾಸು ಕಂದಾಗಿದ್ದರೂ ಹಸಿರಾಗಿದ್ದರೂ ಹಾಕಿಕೊಂಡವರ ಕಣ್ಣು ಐದು ನಿಮಿಷದಲ್ಲಿ ಅದಕ್ಕೆ ಒಗ್ಗಿಕೊಳ್ಳುತ್ತದೆ. ಕ್ಯಾಮೆರಾದ ಸೆನ್ಸರ್ ಹಾಗೆ ಒಗ್ಗಿಕೊಳ್ಳುವುದಿಲ್ಲ. ಕೆಂಪು, ಹಸಿರು, ನೀಲಿ ಮೂರನ್ನೂ ಒಂದೇ ಪ್ರಮಾಣದಲ್ಲಿ ತಡೆದು, ಬಣ್ಣವನ್ನು ಮುಟ್ಟದೆ ಬೆಳಕನ್ನಷ್ಟೇ ಇಳಿಸಬೇಕೆಂಬುದು ಈ ಗಾಜಿನ ಕರಾರು. ನಾವು ಹಣ ಕೊಡುತ್ತಿರುವುದು ಹೆಸರಿನಲ್ಲಿರುವ ನ್ಯೂಟ್ರಲ್ ಎಂಬ ಮಾತಿಗೆ. ಡೆನ್ಸಿಟಿಯನ್ನು ಯಾವ ಕಪ್ಪು ಗಾಜೂ ಕೊಡುತ್ತದೆ.

ಬೆಳಕನ್ನು ಇಳಿಸುವ ಅಗತ್ಯ ಎಷ್ಟೆಂಬುದು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ನಡುಹಗಲ ಬಿಸಿಲಿನಲ್ಲಿ ಐಎಸ್‌ಒ (ಸೆನ್ಸರಿನ ಸಂವೇದನೆ) 100, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಫ್/16 ಇಟ್ಟರೆ ಶಟರ್ ವೇಗ ಸುಮಾರು 1/100 ಸೆಕೆಂಡಿಗೆ ಬಂದು ನಿಲ್ಲುತ್ತದೆ. ನೀರಿನ ಹರಿವನ್ನು ಎಳೆಯೆಳೆಯಾಗಿ ತೋರಿಸಲು ಕಾಲು ಸೆಕೆಂಡಾದರೂ ಬೇಕು. ಅಪರ್ಚರನ್ನು ಇನ್ನಷ್ಟು ಕಿರಿದು ಮಾಡೋಣವೆಂದರೆ ಎಫ್/22ರಲ್ಲಿ ಸಿಗುವುದು ಇನ್ನೊಂದೇ ಸ್ಟಾಪ್ (ಬೆಳಕು ಅರ್ಧಕ್ಕಿಳಿಯುವ ಒಂದು ಮೆಟ್ಟಿಲು), ಅದೂ ಬೆಳಕಿನ ವಿವರ್ತನೆಯಿಂದ ಚಿತ್ರದ ಮೊನಚನ್ನು ಕಳೆದುಕೊಂಡು. ವಿಡಿಯೊದವರ ಇಕ್ಕಟ್ಟು ಇದಕ್ಕಿಂತ ಹೆಚ್ಚಿನದು. ಸೆಕೆಂಡಿಗೆ 25 ಫ್ರೇಮಿನ ವಿಡಿಯೊಗೆ 1/50 ಸೆಕೆಂಡಿನ ಶಟರ್ ವಾಡಿಕೆ, ನಮ್ಮ 50 ಹರ್ಟ್ಸ್ ವಿದ್ಯುತ್ತಿನ ದೀಪಗಳ ಮಿನುಗು ಬಾರದಿರುವುದಕ್ಕೂ ಅದೇ ಅನುಕೂಲ. ಆದರೆ ಬಿಸಿಲಿನಲ್ಲಿ ಹಿನ್ನೆಲೆ ಮಸುಕಾಗಲೆಂದು ಎಫ್/2.8 ಇಟ್ಟರೆ ಕ್ಯಾಮೆರಾ ಕೇಳುವುದು 1/3200. ಇವೆರಡರ ನಡುವಿನ ಅಂತರ ಸರಿಯಾಗಿ ಆರು ಸ್ಟಾಪ್.

ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು ಎಂಬುದನ್ನು ನೆನಪಿಟ್ಟುಕೊಂಡರೆ ಫಿಲ್ಟರಿನ ಅಂಚಿನಲ್ಲಿರುವ ಅಂಕಿಗಳನ್ನು ಓದುವುದು ಕಷ್ಟವಲ್ಲ, ಆದರೆ ಆ ಅಂಕಿಗಳನ್ನು ಎಲ್ಲರೂ ಒಂದೇ ಪದ್ಧತಿಯಲ್ಲಿ ಬರೆಯುವುದಿಲ್ಲ. ಮೂರು ಸ್ಟಾಪಿನ ಗಾಜು ಎಂಟನೇ ಒಂದು ಭಾಗ ಬೆಳಕನ್ನು ಬಿಡುವುದರಿಂದ ಅದು ಎನ್‌ಡಿ 8. ಅದನ್ನೇ ಸಾಂದ್ರತೆಯ ಲೆಕ್ಕದಲ್ಲಿ, ಸ್ಟಾಪಿಗೆ 0.3ರಂತೆ, 0.9 ಎಂದೂ ಬರೆಯುತ್ತಾರೆ. ಆರು ಸ್ಟಾಪಿನದು ಎನ್‌ಡಿ 64 ಅಥವಾ 1.8, ಹತ್ತು ಸ್ಟಾಪಿನದು ಎನ್‌ಡಿ 1000 ಅಥವಾ 3.0. ಕರಾರುವಾಕ್ಕಾಗಿ ಹೇಳಿದರೆ ಹತ್ತು ಸ್ಟಾಪ್ ಎಂದರೆ 1024 ಪಟ್ಟು, ಆದರೆ ಆ ಇಪ್ಪತ್ತನಾಲ್ಕರಿಂದ ಯಾರ ಚಿತ್ರವೂ ಕೆಟ್ಟಿಲ್ಲ. ಜರ್ಮನಿಯ ಬಿ+ಡಬ್ಲ್ಯು ತನ್ನ ಆರು ಸ್ಟಾಪಿನದಕ್ಕೆ 106 ಎಂದೂ ಹತ್ತು ಸ್ಟಾಪಿನದಕ್ಕೆ 110 ಎಂದೂ ಸಂಖ್ಯೆ ಕೊಟ್ಟಿದೆ. ಇಂಗ್ಲೆಂಡಿನ ಲೀ ಕಂಪನಿ ಸಂಖ್ಯೆಯ ಗೊಡವೆಯೇ ಬೇಡವೆಂದು 6, 10 ಮತ್ತು 15 ಸ್ಟಾಪುಗಳಿಗೆ ಕ್ರಮವಾಗಿ ಲಿಟಲ್ ಸ್ಟಾಪರ್, ಬಿಗ್ ಸ್ಟಾಪರ್, ಸೂಪರ್ ಸ್ಟಾಪರ್ ಎಂದು ಹೆಸರಿಟ್ಟಿದೆ. ಗೆಳೆಯರೊಬ್ಬರು ಆನ್‌ಲೈನಿನಲ್ಲಿ 0.6 ಎಂಬುದನ್ನು ಆರು ಸ್ಟಾಪ್ ಎಂದು ತಿಳಿದು ತರಿಸಿಕೊಂಡು, ಬಂದ ಗಾಜು ಎರಡೇ ಸ್ಟಾಪ್ ಇಳಿಸುವುದನ್ನು ಕಂಡು ಮಾರಿದವರ ಮೇಲೆ ವಾರವಿಡೀ ರೇಗಾಡಿದ್ದುಂಟು. ತಪ್ಪು ಮಾರಿದವರದ್ದಲ್ಲ, ದಶಮಾಂಶ ಬಿಂದುವಿನದು.

ನಾನು ಮೊದಲು ಕೊಂಡದ್ದು ಹತ್ತು ಸ್ಟಾಪಿನದು. "ಎಲ್ಲರೂ ಇದನ್ನೇ ತಗೊಂಡು ಹೋಗೋದು ಸಾರ್, ಹಗಲಲ್ಲೂ ನೀರು ಹಾಲಿನ ಹಾಗೆ ಬರ್ತದೆ" ಎಂದು ಅಂಗಡಿಯಾತ ಹೇಳಿದ ಮಾತು ಸುಳ್ಳಾಗಿರಲಿಲ್ಲ. ಎರಡು ಸಾವಿರದೊಳಗಿನ ಬೆಲೆ ನೋಡಿ ನಾನೂ ಹೆಚ್ಚು ವಿಚಾರಿಸಲಿಲ್ಲ. ಅದೇ ಶನಿವಾರ ಸಂಜೆ ಕಾಪುವಿಗೆ ಹೋದೆ. 1901ರಲ್ಲಿ ಕಟ್ಟಿದ ಅಲ್ಲಿನ ದೀಪಸ್ತಂಭ ಬಂಡೆಯ ಮೇಲೇ ನಿಂತಿರುವುದರಿಂದ, ಅಲೆ ಬಂಡೆಗೆ ಅಪ್ಪಳಿಸಿ ಇಳಿಯುವ ನೋಟವೂ ಹಿಂದೆ ದೀಪಸ್ತಂಭವೂ ಒಂದೇ ಚೌಕಟ್ಟಿನಲ್ಲಿ ಸಿಗುತ್ತವೆ. ಸೂರ್ಯ ನೀರಿಗೆ ಇಳಿಯುವ ಹೊತ್ತಿಗೆ ಎಫ್/11ರಲ್ಲಿ ಮೀಟರು 1/15 ತೋರಿಸುತ್ತಿತ್ತು. ಅದಕ್ಕೆ ಹತ್ತು ಸ್ಟಾಪ್ ಸೇರಿಸಿದರೆ 68 ಸೆಕೆಂಡು. ಕ್ಯಾಮೆರಾದಲ್ಲಿ 30 ಸೆಕೆಂಡಿಗೆ ಮೀರಿದ ವೇಗವಿಲ್ಲದ ಕಾರಣ ಬಲ್ಬ್ ಮೋಡಿನಲ್ಲಿಟ್ಟು, ರಿಮೋಟಿನ ಗುಂಡಿ ಒತ್ತಿ ಹಿಡಿದು, ಫೋನಿನ ಗಡಿಯಾರ ನೋಡುತ್ತ ನಿಂತೆ. ಆ ಒಂದು ನಿಮಿಷದಲ್ಲೇ ಬೆಳಕು ಇಳಿದುಹೋಗಿ ಮೊದಲ ಚಿತ್ರ ಕತ್ತಲಾಯಿತು. ಎರಡನೆಯದಕ್ಕೆ ಎರಡೂವರೆ ನಿಮಿಷ ಕೊಟ್ಟೆ. ಮೂರನೆಯದಕ್ಕೆ ಸಮಯವೇ ಇರಲಿಲ್ಲ. ಸಂಜೆಯ ಒಳ್ಳೆಯ ಬೆಳಕಿರುವುದು ಹೆಚ್ಚೆಂದರೆ ಇಪ್ಪತ್ತು ನಿಮಿಷ, ಅದರಲ್ಲಿ ಎರಡು ಚಿತ್ರ. ಎರಡರಲ್ಲೂ ಕಡಲು ನೇರಳೆ ಬೆರೆತ ಕಂದು, ಮೂಲೆಗಳು ಮಸಿ.

ಈ ಬಣ್ಣದ ದೋಷ ಎಲ್ಲಿಂದ ಬಂತೆಂದು ಮರುದಿನ ಮನೆಯಲ್ಲೇ ಪರೀಕ್ಷೆ ಮಾಡಿದೆ. ಹೊಸ ಫಿಲ್ಟರ್ ಕೊಂಡ ಯಾರೇ ಆಗಲಿ, ಅದನ್ನು ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಇದನ್ನು ಮಾಡಿಕೊಳ್ಳಬೇಕು. ವರಾಂಡದ ನೆರಳಿನ ಗೋಡೆಗೆ ಬಿಳಿ ಎ4 ಹಾಳೆ ಅಂಟಿಸಿ, ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೊದಿಂದ ತೆಗೆದು ಡೇಲೈಟಿಗೆ ಕಟ್ಟಿಹಾಕಿ, ಫಿಲ್ಟರ್ ಇಲ್ಲದೆ ಒಂದು ಚಿತ್ರ, ಫಿಲ್ಟರ್ ಹಾಕಿ ಒಂದು ಚಿತ್ರ ತೆಗೆದೆ. ಇಲ್ಲದಿದ್ದಾಗ 1/60 ಸೆಕೆಂಡು ಸಾಕಾಗಿತ್ತು. ಹತ್ತು ಸ್ಟಾಪಿಗೆ 17 ಸೆಕೆಂಡು ಬರಬೇಕು. ಅಷ್ಟು ಕೊಟ್ಟರೆ ಹಾಳೆ ಮಂಕಾಗಿ ಬಂತು, 25 ಸೆಕೆಂಡು ಕೊಟ್ಟಾಗ ಸರಿಹೋಯಿತು. ಅಂದರೆ ಗಾಜು ಹೇಳಿಕೊಂಡದ್ದಕ್ಕಿಂತ ಅರ್ಧ ಸ್ಟಾಪಿನಷ್ಟು ಹೆಚ್ಚು ದಟ್ಟ. ಇದು ಕ್ಷಮಿಸಬಹುದಾದ ದೋಷ, ಒಮ್ಮೆ ಅಳೆದಿಟ್ಟುಕೊಂಡರೆ ಮುಗಿಯಿತು. ಹಾಳೆಗೆ ಕೆಂಪು ಛಾಯೆ ಬಂದದ್ದೂ ಅದು ಎಲ್ಲೆಡೆ ಒಂದೇ ಸಮನಾಗಿದ್ದಿದ್ದರೆ ಕ್ಷಮಿಸಬಹುದಾದದ್ದೇ, ಏಕೆಂದರೆ ಸೆನ್ಸರಿನ ಕಚ್ಚಾ ಮಾಹಿತಿಯಿರುವ ರಾ ಕಡತದಲ್ಲಿ ವೈಟ್ ಬ್ಯಾಲೆನ್ಸನ್ನು ತಿರುಗಿಸಿ ಅದನ್ನು ತೊಡೆಯಬಹುದು.

ತೊಡೆಯಲಾಗದ ದೋಷ ಕಂಡದ್ದು ಅಂಗಳದ ಬಿಸಿಲಿನಲ್ಲಿ. ಹಗ್ಗದ ಮೇಲೆ ಒಣಗಲು ಹಾಕಿದ್ದ ಕಪ್ಪು ಕೊಡೆ, ಅದರ ಪಕ್ಕದಲ್ಲಿ ಮಗಳ ಕಪ್ಪು ಶಾಲಾಚೀಲ, ಹಿಂದೆ ಬಾಳೆಗಿಡ. ಫಿಲ್ಟರ್ ಹಾಕಿ ತೆಗೆದ ಚಿತ್ರದಲ್ಲಿ ಕೊಡೆ ಕಪ್ಪಾಗಿಯೇ ಇತ್ತು, ಚೀಲ ಮಾತ್ರ ಗೇರುಹಣ್ಣಿನಂತೆ ಕೆಂಪಗೆ ಮಾಗಿತ್ತು, ಬಾಳೆಯೆಲೆ ಹಣ್ಣೆಲೆಯ ಹಳದಿಗೆ ತಿರುಗಿತ್ತು. ಇದರ ಕಾರಣ ಇನ್‌ಫ್ರಾರೆಡ್, ಅಂದರೆ ಕಣ್ಣಿಗೆ ಕಾಣದ ಅವಕೆಂಪು ಕಿರಣ. ಕ್ಯಾಮೆರಾದ ಸೆನ್ಸರಿನ ಮುಂದೆ ಆ ಕಿರಣವನ್ನು ತಡೆಯುವ ಗಾಜಿದ್ದರೂ ಅದು ಸ್ವಲ್ಪವನ್ನು ಸೋರಲು ಬಿಡುತ್ತದೆ. ಸಾಮಾನ್ಯ ಹೊತ್ತಿನಲ್ಲಿ ಆ ಸೋರಿಕೆ ಕಾಣುವ ಬೆಳಕಿನ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಕಾಣುವ ಬೆಳಕನ್ನು ಸಾವಿರಪಟ್ಟು ಇಳಿಸಿ ಅವಕೆಂಪನ್ನು ಹಾಗೆಯೇ ಬಿಡುವ ಗಾಜನ್ನು ಮುಂದಿಟ್ಟರೆ, ಲೆಕ್ಕಕ್ಕೆ ಬಾರದಿದ್ದದ್ದೇ ಚಿತ್ರದ ದೊಡ್ಡ ಪಾಲಾಗುತ್ತದೆ. ಕೃತಕ ನೂಲಿನ ಎಷ್ಟೋ ಕಪ್ಪು ಬಟ್ಟೆಗಳೂ ಎಲ್ಲ ಹಸಿರು ಎಲೆಗಳೂ ಅವಕೆಂಪನ್ನು ಧಾರಾಳವಾಗಿ ಪ್ರತಿಫಲಿಸುತ್ತವೆ. ಚಿತ್ರದ ಒಂದು ವಸ್ತು ಕೆಂಪಾಗಿ ಪಕ್ಕದ್ದು ಕೆಂಪಾಗದೆ ಉಳಿದಾಗ ಯಾವ ವೈಟ್ ಬ್ಯಾಲೆನ್ಸೂ ಎರಡನ್ನೂ ಸರಿಮಾಡಲಾರದು. ಕಾಡಿನ ನಡುವಿನ ಜಲಪಾತಗಳನ್ನು ತೆಗೆಯುವವರಿಗೆ ಇದು ಬಹಳ ಮುಖ್ಯ, ಏಕೆಂದರೆ ಮಲೆನಾಡಿನ ಚಿತ್ರದಲ್ಲಿ ಹಸಿರು ಕೆಟ್ಟರೆ ಉಳಿಯುವುದೇನು?

ಮೂಲೆಗಳ ಕಪ್ಪಿಗೆ ಕಾರಣ ಬೇರೆ. ನನ್ನ ಮೊದಲ ಫಿಲ್ಟರ್ ಗಾಜಿನ ಒಡಲಲ್ಲೇ ಬಣ್ಣ ಬೆರೆಸಿ ಮಾಡಿದ್ದು. ಇಂಥ ಗಾಜಿನಲ್ಲಿ ಬೆಳಕು ಎಷ್ಟು ದೂರ ಸಾಗುತ್ತದೆಯೋ ಅಷ್ಟು ಕಡಿಮೆಯಾಗುತ್ತದೆ. ನಟ್ಟನಡುವೆ ಬರುವ ಕಿರಣ ನೇರವಾಗಿ ದಾಟಿದರೆ, ಅಗಲ ನೋಟದ ಲೆನ್ಸಿನ ಮೂಲೆಗೆ ಬರುವ ಕಿರಣ ಓರೆಯಾಗಿ, ಹೆಚ್ಚು ಗಾಜನ್ನು ಹಾಯ್ದು ಬರುತ್ತದೆ. ಫುಲ್ ಫ್ರೇಮ್ (ಹಳೆಯ 35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 16 ಮಿ.ಮೀ. ಲೆನ್ಸಿನ ಮೂಲೆಯ ಕಿರಣ ಸುಮಾರು 53 ಡಿಗ್ರಿ ಓರೆಯಾಗಿ ಬೀಳುತ್ತದೆ. ಗಾಜಿನ ವಕ್ರೀಭವನ ಸೂಚ್ಯಂಕವನ್ನು 1.5 ಎಂದಿಟ್ಟುಕೊಂಡರೆ ಅದು ಒಳಗೆ ಸಾಗುವ ದಾರಿ ಶೇಕಡ 18ರಷ್ಟು ಹೆಚ್ಚು. ಹತ್ತು ಸ್ಟಾಪಿನ ಮೇಲೆ ಶೇಕಡ 18 ಎಂದರೆ ಮೂಲೆಗಳಲ್ಲಿ ಹತ್ತಿರ ಹತ್ತಿರ ಎರಡು ಸ್ಟಾಪಿನ ಕತ್ತಲೆ. ಅದೇ ಫಿಲ್ಟರ್ 50 ಮಿ.ಮೀ. ಲೆನ್ಸಿನಲ್ಲಿ ಅರ್ಧ ಸ್ಟಾಪಿಗೂ ಕಡಿಮೆ ವ್ಯತ್ಯಾಸ ತೋರಿಸಿತು. ಈಗ ಬರುವ ಮೇಲುದರ್ಜೆಯ ಫಿಲ್ಟರ್‌ಗಳಲ್ಲಿ ಬಣ್ಣದ ಗಾಜಿನ ಬದಲು ತಿಳಿಗಾಜಿನ ಮೇಲೆ ನಿರ್ವಾತದಲ್ಲಿ ಲೋಹದ ಅತಿ ತೆಳು ಲೇಪ ಕೊಡುತ್ತಾರೆ. ಲೇಪ ಮೇಲ್ಮೈಯಲ್ಲಷ್ಟೇ ಇರುವುದರಿಂದ ಗಾಜಿನೊಳಗಿನ ಓರೆದಾರಿಯ ಪ್ರಶ್ನೆ ಬರುವುದಿಲ್ಲ, ಅವಕೆಂಪನ್ನೂ ಅದು ಕಾಣುವ ಬೆಳಕಿನಂತೆಯೇ ತಡೆಯಬಲ್ಲದು. ಅದರ ತೊಂದರೆಯೂ ಮೇಲ್ಮೈಯದೇ: ಮರಳು ಅಂಟಿದ ಬಟ್ಟೆಯಿಂದ ಒರೆಸಿದರೆ ಲೇಪಕ್ಕೆ ಗೀರು ಬಿದ್ದು, ಆ ಗೀರಿನಲ್ಲಿ ಬೆಳಕು ಸೋರುತ್ತದೆ.

ಎರಡನೆಯದಾಗಿ ತಂದದ್ದು ತಿರುಗಿಸುವ ಬಗೆಯ ವೇರಿಯಬಲ್ ಎನ್‌ಡಿ. ಒಂದೇ ಉಂಗುರದಲ್ಲಿ ಎರಡು ಪೋಲರೈಸರ್‌ಗಳು, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಗಾಜುಗಳು, ಇರುತ್ತವೆ. ಒಂದನ್ನು ಇನ್ನೊಂದರ ಮೇಲೆ ತಿರುಗಿಸಿದಂತೆ ಬೆಳಕು ಏರಿಳಿಯುತ್ತದೆ. ಎರಡರಿಂದ ನಾನೂರರವರೆಗೆ ಎಲ್ಲ ಬಲವೂ ಒಂದರಲ್ಲೇ ಎಂದು ಅಂಚಿನಲ್ಲಿ ಬರೆದಿತ್ತು, ಐದು ಫಿಲ್ಟರ್‌ಗಳ ಬದಲು ಒಂದು ಸಾಕೆಂದು ನಾನೂ ನಂಬಿದೆ. ಆರಂಭದ ಐದು ಸ್ಟಾಪ್‌ಗಳವರೆಗೆ ಅದು ಮಾತು ಉಳಿಸಿಕೊಂಡಿತು. ಅಲ್ಲಿಂದ ಮುಂದಕ್ಕೆ ತಿರುಗಿಸಿದಾಗ ಅಗಲ ನೋಟದ ಲೆನ್ಸಿನಲ್ಲಿ ಆಕಾಶದ ಮೇಲೆ ದೊಡ್ಡದೊಂದು ಕಪ್ಪು ಗುಣಾಕಾರ ಚಿಹ್ನೆ ಮೂಡಿತು, ಉತ್ತರಪತ್ರಿಕೆಯಲ್ಲಿ ಮೇಷ್ಟ್ರು ತಪ್ಪು ಹಾಕಿದ ಹಾಗೆ. ಎರಡು ಪೋಲರೈಸರ್‌ಗಳನ್ನು ಪೂರ್ತಿ ಅಡ್ಡಕ್ಕೆ ತಂದಾಗ ಓರೆ ಕಿರಣಗಳು ಸಮನಾಗಿ ತಡೆಯಲ್ಪಡದ ಕಾರಣ ಇದು ಈ ವಿಧಾನದ ಹುಟ್ಟುಗುಣವೇ ಹೊರತು ನನ್ನ ಫಿಲ್ಟರಿನ ವಿಶೇಷ ದೋಷವಲ್ಲ. ಮೇಲಾಗಿ, ಸೂರ್ಯನಿಗೆ ಸಮಕೋನದಲ್ಲಿರುವ ಆಕಾಶದ ಭಾಗವನ್ನು ಪೋಲರೈಸರ್ ಹೆಚ್ಚು ಗಾಢವಾಗಿಸುವುದರಿಂದ ಅಗಲವಾದ ಆಕಾಶ ಒಂದು ಕಡೆ ಕಡುನೀಲಿ, ಇನ್ನೊಂದು ಕಡೆ ತೆಳುನೀಲಿಯಾಗಿ ಪಟ್ಟೆ ಬೀಳುತ್ತದೆ.

ಇಷ್ಟಾದರೂ ಇದನ್ನು ಕೆಟ್ಟ ಸಾಮಾನು ಎನ್ನಲಾರೆ. ಅಕ್ಕನ ಮಗ ಅದನ್ನು ವಿಡಿಯೊಗೆ ಬಳಸುತ್ತಾನೆ. ಮದುವೆಯ ಮಂಟಪದ ಒಳಗಿನಿಂದ ದಿಬ್ಬಣದ ಜೊತೆ ಅಂಗಳದ ಬಿಸಿಲಿಗೆ ಬರುವಾಗ ಫಿಲ್ಟರ್ ಬಿಚ್ಚಿ ಹಾಕಲು ಅವನಿಗೆ ಪುರುಸೊತ್ತಿಲ್ಲ, ಉಂಗುರ ತಿರುಗಿಸಿದರೆ ಕೆಲಸವಾಗುತ್ತದೆ, ಅವನ ಲೆನ್ಸೂ 35 ಮಿ.ಮೀ.ಗಿಂತ ಅಗಲಕ್ಕೆ ಹೋಗುವುದಿಲ್ಲ. "ಮಾವ, ಇದಿಲ್ಲದಿದ್ದರೆ ನನಗೆ ಕೈಯೇ ಓಡುವುದಿಲ್ಲ" ಎನ್ನುತ್ತಾನೆ. ವಿಡಿಯೊದವರು ಕೊಳ್ಳುವುದಾದರೆ ಎರಡರಿಂದ ಐದು ಸ್ಟಾಪಿನ ನಡುವೆ ಮಾತ್ರ ತಿರುಗಿ, ಎರಡೂ ತುದಿಯಲ್ಲಿ ಗಟ್ಟಿಯಾಗಿ ನಿಲ್ಲುವಂಥದ್ದನ್ನು ನೋಡಿಕೊಳ್ಳಬೇಕು. ಅಂಚಿನಲ್ಲಿ ಬರೆದ ವ್ಯಾಪ್ತಿ ಹೆಚ್ಚಿದಷ್ಟೂ ಅದರಲ್ಲಿ ಬಳಕೆಗೆ ಬಾರದ ಭಾಗ ಹೆಚ್ಚು.

ಮೂರನೆಯದು ಚೌಕ ಗಾಜಿನ ಕಿಟ್. ಲೆನ್ಸಿನ ಮುಂದೆ ಒಂದು ಹೋಲ್ಡರ್ ಸಿಕ್ಕಿಸಿ ಅದರ ಸೀಳಿನಲ್ಲಿ 100 ಮಿ.ಮೀ. ಚೌಕದ ಗಾಜನ್ನು ಇಳಿಬಿಡುವ ಈ ಪದ್ಧತಿಯಲ್ಲಿ, ಫ್ರೇಮ್ ಹೊಂದಿಸಿ ಫೋಕಸ್ ಮಾಡಿದ ಮೇಲೆ ಲೆನ್ಸನ್ನು ಅಲುಗಿಸದೆ ಗಾಜು ಹಾಕಬಹುದೆಂಬುದು ದೊಡ್ಡ ಅನುಕೂಲ. ಆಕಾಶವನ್ನಷ್ಟೇ ಇಳಿಸುವ, ಅರ್ಧ ತಿಳಿ ಅರ್ಧ ಗಾಢವಾದ ಗ್ರ್ಯಾಜುಯೇಟೆಡ್ ಗಾಜನ್ನು ಮೇಲೆ ಕೆಳಗೆ ಸರಿಸಿ ದಿಗಂತಕ್ಕೆ ಕೂರಿಸಬಹುದು. ಮುಂದಿನ ಗಾಜು ಗೋಲದಂತೆ ಉಬ್ಬಿರುವ, ಫಿಲ್ಟರ್ ಹಾಕುವ ತಿರುಪೇ ಇಲ್ಲದ ಅತಿ ಅಗಲ ಲೆನ್ಸುಗಳಿಗಂತೂ ಇಂಥದ್ದೇ ಇನ್ನೂ ದೊಡ್ಡ, 150 ಮಿ.ಮೀ. ಅಳತೆಯ ಹೋಲ್ಡರ್ ಬೇಕು. ಸ್ಟುಡಿಯೋದಲ್ಲಿ, ಶಾಂತವಾದ ಕೆರೆಯ ದಡದಲ್ಲಿ ಇದು ರಾಜೋಪಚಾರದ ವ್ಯವಸ್ಥೆ. ಕಾಪುವಿನ ಬಂಡೆಯ ಮೇಲೆ, ಒಂದು ಕಾಲು ಪಾಚಿಯ ಮೇಲೆ ಇನ್ನೊಂದು ಕಾಲು ಟ್ರೈಪಾಡಿಗೆ ಒತ್ತಾಗಿ, ಬಾಯಲ್ಲಿ ಗಾಜಿನ ಚೀಲ ಕಚ್ಚಿಕೊಂಡು, ಒದ್ದೆ ಬೆರಳಿನಿಂದ ಎರಡು ಮಿ.ಮೀ. ದಪ್ಪದ ಗಾಜನ್ನು ಸೀಳಿಗೆ ಇಳಿಸುವುದು ಹೇಗಿರುತ್ತದೆಂಬುದನ್ನು ನಾನು ಒಮ್ಮೆ ಮಾತ್ರ ತಿಳಿದುಕೊಂಡೆ. ಗಾಜು ಜಾರಿತು. ಚೂರುಗಳನ್ನು ಹೆಕ್ಕಲು ಹತ್ತು ನಿಮಿಷ ಬೇಕಾಯಿತು, ಅಷ್ಟರಲ್ಲಿ ಸೂರ್ಯನೂ ಹೋದ. ಒಂದೇ ಸ್ಥಳದಲ್ಲಿ ಎರಡು ಎಕ್ಸ್‌ಪೋಶರ್ ತೆಗೆದು ಕಂಪ್ಯೂಟರಿನಲ್ಲಿ ಬೆಸೆಯುವುದು ಸುಲಭವಾಗಿರುವ ಈ ಕಾಲದಲ್ಲಿ, ಗ್ರ್ಯಾಜುಯೇಟೆಡ್ ಗಾಜಿಗಾಗಿಯೇ ಹೊಸಬರು ಈ ಕಿಟ್‌ಗೆ ಹಣ ಹಾಕುವುದು ಅವಸರವೆಂದೇ ನನ್ನ ಅಭಿಪ್ರಾಯ.

ಈ ಮೂರರ ನಂತರ ಬಂದದ್ದು ಹೋಯಾ ಕಂಪನಿಯ ಪ್ರೋಎನ್‌ಡಿ ಸರಣಿಯ 64, ಲೋಹದ ಲೇಪದ್ದು, 82 ಮಿ.ಮೀ. ಅಳತೆಯದು. ಇದೇ ವರಾಂಡದ ಗೋಡೆ, ಇದೇ ಹಾಳೆ, ಇದೇ ಕೊಡೆ, ಇದೇ ಚೀಲ. ಈ ಬಾರಿ ಚೀಲ ಕಪ್ಪಾಗಿಯೇ ಉಳಿಯಿತು, ಹಾಳೆಯ ಬಣ್ಣದಲ್ಲಿ ನನ್ನ ಕಣ್ಣಿಗೆ ಹಿಡಿಯುವಂಥ ವ್ಯತ್ಯಾಸ ಸಿಗಲಿಲ್ಲ. ಆದರೆ ನಾನು ಹೊಗಳಬೇಕೆಂದಿರುವುದು ಕಂಪನಿಯನ್ನಲ್ಲ, ಆರು ಸ್ಟಾಪ್ ಎಂಬ ಬಲವನ್ನು. ಸಂಜೆ ಕಾಪುವಿನಲ್ಲಿ 68 ಸೆಕೆಂಡು ಬೇಡುತ್ತಿದ್ದ ಬೆಳಕು ಇದರಲ್ಲಿ ನಾಲ್ಕು ಸೆಕೆಂಡಿಗೆ ಮುಗಿಯುತ್ತದೆ, ಎಫ್/8ಕ್ಕೆ ತೆರೆದರೆ ಎರಡಕ್ಕೆ. ಎರಡು ಸೆಕೆಂಡೆಂದರೆ ಒಂದು ಅಲೆ ಬಂಡೆಯ ಮೇಲೆ ಏರಿ, ಹಿಂದಿರುಗಿ, ಸಂದುಗೊಂದುಗಳಿಂದ ಬಿಳಿ ಎಳೆಗಳಾಗಿ ಇಳಿದುಹೋಗುವಷ್ಟು ಹೊತ್ತು. ಅಲೆ ಏರುವಾಗ ಶಟರ್ ಒತ್ತಿದರೆ ಎಲ್ಲವೂ ಕಲಸಿಹೋಗುತ್ತದೆ. ಏರಿದ ನೀರು ಒಂದು ಕ್ಷಣ ನಿಂತು ತಿರುಗುತ್ತದಲ್ಲ, ಆಗ ಒತ್ತಬೇಕು. ಇಪ್ಪತ್ತು ನಿಮಿಷದಲ್ಲಿ ಅರವತ್ತು ಎಪ್ಪತ್ತು ಅಲೆಗಳ ಮೇಲೆ ಕೈ ಪಳಗಿಸಿಕೊಳ್ಳಲು ಇದು ಬಿಡುತ್ತದೆ, ಹತ್ತು ಸ್ಟಾಪಿನದು ಎರಡು ಮೂರಕ್ಕೆ ಮುಗಿಸುತ್ತದೆ. ಒಂದು ನಿಮಿಷ ತೆರೆದಿಟ್ಟ ಕಡಲು ಮಂಜಾಗುತ್ತದೆ, ಮಂಜಾದ ಮೇಲೆ ಕಾಪುವಿನ ಕಡಲಿಗೂ ಕನ್ಯಾಕುಮಾರಿಯ ಕಡಲಿಗೂ ವ್ಯತ್ಯಾಸವಿರುವುದಿಲ್ಲ. ಅದನ್ನು ಇಷ್ಟಪಡುವವರಿದ್ದಾರೆ, ನನಗೆ ಅದು ಐದಾರು ಚಿತ್ರಗಳಿಗೇ ಸಾಕೆನಿಸಿತು.

ಜಲಪಾತಗಳಿಗಂತೂ ಹತ್ತು ಸ್ಟಾಪ್ ಬೇಕಾಗುವುದೇ ಅಪರೂಪ. ಕೊಡಗಿನ ಇರ್ಪುವಿನಂಥ, ಮರಗಳ ನೆರಳಿನಲ್ಲಿರುವ ಅಬ್ಬಿಯಲ್ಲಿ ಎಫ್/11ರಲ್ಲಿ ಫಿಲ್ಟರ್ ಇಲ್ಲದೆಯೇ 1/15ರ ಆಸುಪಾಸು ಸಿಗುತ್ತದೆ. ಮೂರು ಸ್ಟಾಪಿನ ಎನ್‌ಡಿ 8 ಹಾಕಿದರೆ ಅರ್ಧ ಸೆಕೆಂಡು, ನೀರು ರೇಷ್ಮೆಯ ಎಳೆಯಂತೆ ಬರಲು ಅಷ್ಟು ಬೇಕಾದಷ್ಟಾಯಿತು. ನನ್ನ ಚೀಲದ ಐದನೆಯ ಫಿಲ್ಟರ್ ಈ ಎನ್‌ಡಿ 8. ಒದ್ದೆ ಬಂಡೆ, ಎಲೆಗಳ ಹೊಳಪು ತೆಗೆಯಲು ಒಂದು ಪೋಲರೈಸರ್ ಇದ್ದವರಿಗೆ ಅದೇ ಒಂದೂವರೆ ಸ್ಟಾಪನ್ನು ಇಳಿಸುವುದರಿಂದ ಇದನ್ನು ಆಮೇಲೆ ಕೊಂಡರೂ ನಡೆಯುತ್ತದೆ. ಜೋಗದ ಮಾತು ಬೇರೆ. 253 ಮೀಟರ್ ಎತ್ತರದಿಂದ ಬೀಳುವ ನೀರನ್ನು ಎದುರಿನ ದಿಬ್ಬದಿಂದ ಬಯಲು ಬೆಳಕಿನಲ್ಲಿ ತೆಗೆಯುವುದರಿಂದ ಅಲ್ಲಿ ಆರು ಸ್ಟಾಪ್ ಬೇಕು. ಮಳೆಗಾಲದಲ್ಲಿ ಮಂಜು ಸರಿಯುವುದನ್ನು ಕಾಯುವುದೇ ದೊಡ್ಡ ಕೆಲಸವಾಗಿ, ಸರಿದ ಎರಡು ನಿಮಿಷದಲ್ಲಿ ಬಲ್ಬ್ ಮೋಡಿನ ಲೆಕ್ಕ ಹಾಕುತ್ತ ಕೂರಲು ಆಗುವುದಿಲ್ಲ.

ಮೂರು ಮತ್ತು ಆರನ್ನು ಒಂದರ ಮೇಲೊಂದು ತಿರುಗಿಸಿ ಹಾಕಿದರೆ ಒಂಬತ್ತು ಸ್ಟಾಪ್ ಆಗುತ್ತದೆ ಎಂಬುದೂ ಇವೆರಡನ್ನು ಇಟ್ಟುಕೊಳ್ಳಲು ಇನ್ನೊಂದು ಕಾರಣ. ಹತ್ತಕ್ಕೂ ಒಂಬತ್ತಕ್ಕೂ ಇರುವ ಅಂತರವನ್ನು ಅಪರ್ಚರ್ ಒಂದು ಮೆಟ್ಟಿಲು ಇಳಿಸಿ ತುಂಬಿಕೊಳ್ಳಬಹುದು. 24 ಮಿ.ಮೀ.ವರೆಗೆ ನನಗೆ ಮೂಲೆ ಕತ್ತರಿಸಲಿಲ್ಲ; ಅದಕ್ಕಿಂತ ಅಗಲದಲ್ಲಿ ಎರಡು ಉಂಗುರಗಳ ಅಂಚು ಚಿತ್ರದೊಳಗೆ ಬರುತ್ತದೆ.

ಹತ್ತು ಸ್ಟಾಪಿನದನ್ನೇ ಬೇಡುವ ಸಂದರ್ಭಗಳೂ ಇಲ್ಲದಿಲ್ಲ. ನಡುಹಗಲಿನಲ್ಲಿ ಮೋಡಗಳನ್ನು ಗೆರೆಗಳಾಗಿ ಎಳೆಯುವುದು ಅವುಗಳಲ್ಲೊಂದು. ಜನಜಂಗುಳಿಯ ಸ್ಥಳದಲ್ಲಿ ನಡೆದಾಡುವವರನ್ನು ಮಾಯ ಮಾಡುವುದು ಇನ್ನೊಂದು: ಒಂದೆರಡು ನಿಮಿಷ ತೆರೆದಿಟ್ಟ ಶಟರಿನಲ್ಲಿ ನಡೆಯುತ್ತಿರುವವರು ಅಳಿಸಿಹೋಗುತ್ತಾರೆ, ಸೆಲ್ಫಿಗೆ ನಿಂತವರು ಮಾತ್ರ ದೆವ್ವಗಳಂತೆ ಅರೆಪಾರದರ್ಶಕವಾಗಿ ಉಳಿಯುತ್ತಾರೆ. ಹಂಪಿಯ ಕಲ್ಲಿನ ರಥದ ಮುಂದೆ ಈ ಎರಡನೆಯ ಬಗೆಯವರೇ ಹೆಚ್ಚು, ಜೊತೆಗೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಮುಂಚಿತವಾಗಿ ಅನುಮತಿ ಪಡೆಯಬೇಕು ಎಂಬುದು ತಿಳಿದಿರಲಿ. ಇನ್ನೊಂದು ಎಚ್ಚರಿಕೆಯನ್ನು ಹೇಳದೆ ಬಿಡಲಾರೆ. 2019ರ ಡಿಸೆಂಬರ್ 26ರಂದು ಕರಾವಳಿಯಲ್ಲೂ ಕೊಡಗಿನಲ್ಲೂ ಕಂಕಣ ಸೂರ್ಯಗ್ರಹಣ ಕಂಡಾಗ ಎನ್‌ಡಿ 1000 ಹಾಕಿ ವ್ಯೂಫೈಂಡರಿನಲ್ಲಿ ಕಣ್ಣಿಟ್ಟು ನೋಡಬಹುದೇ ಎಂದು ನನ್ನನ್ನೇ ಇಬ್ಬರು ಕೇಳಿದ್ದರು. ಕೂಡದು. ಸೂರ್ಯನಿಗೆಂದೇ ಮಾಡಿದ ಫಿಲ್ಟರ್ ಬೆಳಕನ್ನು ಲಕ್ಷಪಟ್ಟು ಇಳಿಸುತ್ತದೆ, ಇದು ಸಾವಿರಪಟ್ಟು ಮಾತ್ರ. ಮೇಲಾಗಿ ಆಗಲೇ ಹೇಳಿದ ಅವಕೆಂಪು ಕಿರಣ ಕಣ್ಣಿಗೆ ಗೊತ್ತಾಗದೆಯೇ ಒಳಗೆ ಬರುತ್ತದೆ.

ಅಳತೆಯ ವಿಷಯದಲ್ಲಿ ಹೆಚ್ಚು ಯೋಚಿಸಬೇಕಾದದ್ದಿಲ್ಲ. ನನ್ನ ಮೂರು ಲೆನ್ಸುಗಳ ತಿರುಪು 77, 67 ಮತ್ತು 49 ಮಿ.ಮೀ.; ಮೂರಕ್ಕೂ ಬೇರೆ ಬೇರೆ ಫಿಲ್ಟರ್ ಕೊಳ್ಳುವ ಬದಲು 82ರದ್ದೊಂದನ್ನು ಕೊಂಡು, ಚಿಕ್ಕ ತಿರುಪಿಗೆ ದೊಡ್ಡ ಫಿಲ್ಟರ್ ಕೂರಿಸುವ ಸ್ಟೆಪ್-ಅಪ್ ಉಂಗುರಗಳಿಂದ ಎಲ್ಲಕ್ಕೂ ಹೊಂದಿಸಿಕೊಂಡಿದ್ದೇನೆ. 77 ಸಾಕಿತ್ತಲ್ಲವೇ ಎಂದರೆ ಸಾಕಿತ್ತು, ಆದರೆ ಒಂದು ಅಳತೆ ದೊಡ್ಡದಾದರೆ ಅಗಲ ಲೆನ್ಸಿನ ಮೂಲೆಗೆ ಉಂಗುರ ಅಡ್ಡ ಬರುವುದಿಲ್ಲ. ಉಂಗುರ ಕೊಳ್ಳುವಾಗ ಅಲ್ಯುಮಿನಿಯಂ ಬೇಡ, ಹಿತ್ತಾಳೆಯದನ್ನು ಕೇಳಿ. ಅಲ್ಯುಮಿನಿಯಂ ಉಂಗುರ ಉಪ್ಪುಗಾಳಿಯಲ್ಲಿ ಲೆನ್ಸಿಗೆ ಕಚ್ಚಿಕೊಂಡರೆ ಬಿಡುವುದಿಲ್ಲ. ನನ್ನದು ಹೀಗೆ ಕಚ್ಚಿಕೊಂಡಾಗ, ಬಲವಾಗಿ ಹಿಂಡಿದಷ್ಟೂ ಉಂಗುರ ಅಂಡಾಕಾರಕ್ಕೆ ತಿರುಗಿ ಇನ್ನಷ್ಟು ಬಿಗಿಯಾಯಿತು. ತರಕಾರಿಯ ಕಟ್ಟಿಗೆ ಹಾಕುವ ದಪ್ಪ ರಬ್ಬರ್ ಬ್ಯಾಂಡನ್ನು ಸುತ್ತ ಏರಿಸಿ, ಅಂಗೈಯನ್ನು ಚಪ್ಪಟೆಯಾಗಿ ಒತ್ತಿ ಹಗುರವಾಗಿ ತಿರುಗಿಸಿದಾಗ ಬಿಟ್ಟಿತು. ಈ ಏರ್ಪಾಟಿನಲ್ಲಿ ಲೆನ್ಸಿನ ಹುಡ್ ಹಾಕಲಾಗುವುದಿಲ್ಲ ಎಂಬ ಕೊರತೆಯನ್ನು ಒಪ್ಪಿಕೊಳ್ಳಲೇಬೇಕು, ಬಿಸಿಲು ಓರೆಯಾಗಿ ಬಿದ್ದಾಗ ಟೋಪಿಯನ್ನು ಅಡ್ಡ ಹಿಡಿಯುತ್ತೇನೆ.

ಫಿಲ್ಟರನ್ನೇ ಕೊಳ್ಳದೆ ಕೆಲಸ ನಡೆಸುವ ಕ್ಯಾಮೆರಾಗಳೂ ಬಂದಿವೆ. 2020ರ ಫ್ಯೂಜಿಫಿಲ್ಮ್ ಎಕ್ಸ್100ವಿಯ ಒಳಗೇ ನಾಲ್ಕು ಸ್ಟಾಪಿನ ಎನ್‌ಡಿ ಇದೆ. 2022ರ ಓಎಂ-1 ಸಾಲು ಸಾಲು ಚಿತ್ರಗಳನ್ನು ತಾನೇ ಬೆಸೆದು ಆರು ಸ್ಟಾಪಿನ ಪರಿಣಾಮ ಕೊಡುತ್ತದೆ. ಅವನ್ನು ಇಟ್ಟುಕೊಂಡವರು ಮೇಲಿನ ಖರ್ಚನ್ನು ಯೋಚಿಸಿ ಮಾಡಬಹುದು.

ಬಳಕೆಯಲ್ಲಿ ಎಡವುವ ಕೆಲವು ಕಡೆಗಳನ್ನಷ್ಟೇ ಹೇಳುತ್ತೇನೆ. ಮೊದಲು ಫೋಕಸ್ ಮಾಡಿ, ಫೋಕಸನ್ನು ಮ್ಯಾನ್ಯುಯಲ್‌ಗೆ ತಿರುಗಿಸಿ, ಆಮೇಲೆ ಫಿಲ್ಟರ್ ಹಾಕಬೇಕು. ತಿರುಪು ಬಿಗಿಸುವಾಗ ಲೆನ್ಸಿನ ಫೋಕಸ್ ಉಂಗುರ ಅಲುಗಿತೇ ಎಂದು ಇನ್ನೊಮ್ಮೆ ನೋಡಬೇಕು. ಹಳೆಯ ಡಿಎಸ್‌ಎಲ್‌ಆರ್ ಇರುವವರು ದೀರ್ಘ ಎಕ್ಸ್‌ಪೋಶರಿನಲ್ಲಿ ಹಿಂದಿನ ವ್ಯೂಫೈಂಡರನ್ನು ಮುಚ್ಚಬೇಕು, ಅಲ್ಲಿಂದ ನುಸುಳಿದ ಬೆಳಕು ಚಿತ್ರದ ನಡುವೆ ನೇರಳೆ ಪಟ್ಟೆಯಾಗಿ ಬೀಳುತ್ತದೆ. ನನ್ನ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಳ್ಳುವ ಪಟ್ಟಿಯಲ್ಲಿ ಅದಕ್ಕೆಂದೇ ಒಂದು ರಬ್ಬರ್ ಮುಚ್ಚಳವಿದ್ದದ್ದು ಮೂರು ವರ್ಷ ನನಗೆ ಗೊತ್ತೇ ಇರಲಿಲ್ಲ. ದೀರ್ಘ ಎಕ್ಸ್‌ಪೋಶರಿನ ನಾಯ್ಸ್ ರಿಡಕ್ಷನ್ ಹಾಕಿಟ್ಟರೆ ಕ್ಯಾಮೆರಾ ಪ್ರತಿ ಚಿತ್ರದ ನಂತರ ಅಷ್ಟೇ ಹೊತ್ತು ಇನ್ನೊಂದು ಕತ್ತಲೆಯ ಚಿತ್ರ ತೆಗೆಯುವುದರಿಂದ ಕಾಯುವ ಸಮಯ ಎರಡರಷ್ಟಾಗುತ್ತದೆ. ಸಂಜೆಯಲ್ಲಿ ಅದನ್ನು ತೆಗೆದಿಡುವುದೇ ಮೇಲು. ಕಡಲಿನಿಂದ ಬಂದ ರಾತ್ರಿಯೇ ಗಾಜನ್ನು ಸಿಹಿನೀರಿನಲ್ಲಿ ಅದ್ದಿ ಉಪ್ಪು ಕರಗಿಸಿ ಆಮೇಲೆ ಬಟ್ಟೆ ಮುಟ್ಟಿಸಬೇಕು. ಒಣ ಉಪ್ಪಿನ ಮೇಲೆ ಬಟ್ಟೆ ಎಳೆಯುವುದೆಂದರೆ ಮರಳುಕಾಗದ ಎಳೆದ ಹಾಗೆ.

82ರ ಫಿಲ್ಟರ್ ತರಿಸುವಾಗ 82ರ ಮುಚ್ಚಳವೊಂದನ್ನೂ ಅದೇ ಆರ್ಡರಿನಲ್ಲಿ ಸೇರಿಸಿಕೊಳ್ಳಿ. ಹಳೆಯ 77ರ ಮುಚ್ಚಳ ಅದಕ್ಕೆ ಕೂರುವುದಿಲ್ಲ. ನನಗೆ ಅದು ಹೊಳೆದದ್ದು ಬಂಡೆಯ ಮೇಲೆ ನಿಂತಾಗ, ಹಾಗಾಗಿ ಆರು ಸ್ಟಾಪಿನ ನನ್ನ ಹೊಸ ಗಾಜು ಮೊದಲ ಮೂರು ವಾರಗಳನ್ನು ಉಪ್ಪಿನಕಾಯಿ ಡಬ್ಬದ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಕಳೆಯಿತು.